ಅಟ್ಟದ ಮೇಲಿನ ಗಾಳಿ

ಆ ಮನೆಯ ಮೆಟ್ಟಿಲು ಹತ್ತುವಾಗ ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ದಾರಿಯುದ್ದಕ್ಕೂ ವ್ಯಾನಿನಲ್ಲಿ ಜಗಳವಾಡಿ ಇಬ್ಬರ ಗಂಟಲೂ ಒಣಗಿತ್ತು. ಮನೆಗಳಿಗೆ ಹೊಗೆ ಡಿಟೆಕ್ಟರ್, ಉರಿಯಿಂದ ಹುಟ್ಟುವ, ಮೂಗಿಗೆ ವಾಸನೆ ಬಾರದ ವಿಷಗಾಳಿಯ ಡಿಟೆಕ್ಟರ್, ಅಲಾರಂ ಪ್ಯಾನೆಲ್ ಕೂರಿಸುವ ಕೆಲಸವನ್ನು ಅಪ್ಪ ತೀರಿಕೊಂಡ ಮೇಲೆ ಅವರಿಬ್ಬರೇ ನಡೆಸಿಕೊಂಡು ಬಂದಿದ್ದರು. ಅಣ್ಣ ಅಟ್ಟ ಹತ್ತಿ, ಗೋಡೆ ಕೊರೆದು ವೈರ್ ಎಳೆಯುವವನು. ತಂಗಿ ಕೆಳಗೆ ನಿಂತು ಡಿಟೆಕ್ಟರುಗಳನ್ನು ಜೋಡಿಸಿ ಪ್ಯಾನೆಲ್‌ಗೆ ಸೇರಿಸುವವಳು. ಇನ್ನು ಮುಂದೆ ಬೇರೆಯಾಗಿ ಕೆಲಸ ಮಾಡುತ್ತೇನೆ ಎಂದು ಅವಳು ಅಂದು ಬೆಳಿಗ್ಗೆ ಹೇಳಿಬಿಟ್ಟಿದ್ದಳು.

"ನನ್ನ ಕೆಲಸದಲ್ಲಿ ಏನು ಹುಳುಕು ಕಾಣ್ತು ನಿಂಗೆ?" ಎಂದು ಅಣ್ಣ ಕೇಳಿದ್ದ.

"ಹುಳುಕಲ್ಲ ಅಣ್ಣ. ನೀನು ಮುಕ್ಕಾಲು ಮಾಡಿ ಇಳಿದುಬಿಡ್ತೀಯ. ಉಳಿದ ಕಾಲಿಗೆ ಬೈಸಿಕೊಳ್ಳೋದು ನಾನು."

ಬಾಗಿಲು ತೆಗೆದವಳು ಬಟ್ಟೆಗೆ ಬಣ್ಣ ಹಾಕುವ ಹೆಂಗಸು. ಮೊಣಕೈವರೆಗೆ ಎರಡೂ ಕೈ ನೀಲಿ. ಹಿಂದಿನ ಕೋಣೆಯಲ್ಲಿ ತೊಟ್ಟಿಗಳನ್ನಿಟ್ಟುಕೊಂಡು ಮನೆಯಲ್ಲೇ ಕಸುಬು ನಡೆಸುತ್ತಿದ್ದಳು. ದೊಡ್ಡ ಗಿರಾಕಿಯ ಬಟ್ಟೆ ಬಂದಿದ್ದರಿಂದ ಅಂದು ಬೆಳಗಿನಿಂದಲೂ ಬಿಸಿನೀರಿನ ನಲ್ಲಿ ನಿಂತಿರಲಿಲ್ಲ. ನೀರು ಕಾಯಿಸುತ್ತಿದ್ದದ್ದು ಅಡುಗೆಮನೆಯ ಪಕ್ಕದ ಸಂದಿಯಲ್ಲಿ ನೇತುಹಾಕಿದ್ದ ಹಳೆಯ ಗ್ಯಾಸ್ ಗೀಸರ್. ಅದರ ಹೊಗೆ ಹೋಗುವ ತಗಡಿನ ಪೈಪು ಸೀಲಿಂಗ್ ತೂರಿ, ಅಟ್ಟ ದಾಟಿ, ಮಾಡಿನಿಂದ ಹೊರಗೆ ತಲೆ ಹಾಕಿತ್ತು.

ನಡುಮನೆಯಿಂದ ಹಿಂದಿನ ಕೋಣೆಗೆ ಹೋಗುವ ಓಣಿಯಲ್ಲಿ, ಸರಿಯಾಗಿ ಅಟ್ಟದ ಕಿಂಡಿಯ ಪಕ್ಕದಲ್ಲೇ, ಅವಳ ಮಾವ ಕುರ್ಚಿ ಹಾಕಿಕೊಂಡು ಕೂತಿದ್ದರು. ರೈಲು ಓಡಿಸಿ ನಿವೃತ್ತರಾದವರು.

"ಸಿಳ್ಳೆ ಕೇಳೀ ಕೇಳೀ ನನ್ನ ಕಿವಿ ಅರ್ಧ ಹೋಗಿದೆ. ಉಳಿದರ್ಧ ನೀವು ತಿನ್ನಬೇಡಿ," ಎಂದರು.

"ಬೇಗ ಮುಗಿಸ್ತೀವಿ ತಾತ. ಸ್ವಲ್ಪ ಆ ಕಡೆ ಸರೀತೀರಾ?"

"ನಾನೇಕೆ ಸರೀಲಿ? ಏಣಿ ಸರಿಸು."

ಏಣಿ ಸರಿಯಿತು. ಅಣ್ಣ ವೈರಿನ ಸುರುಳಿ ಹೆಗಲಿಗೆ ಹಾಕಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಕಿಂಡಿಯೊಳಗೆ ಮಾಯವಾದ. ತುಸು ಹೊತ್ತಿಗೆಲ್ಲ ಮೇಲೆ ಅವನು ತೆವಳುವ ಸದ್ದು, ಎಲ್ಲೋ ತಗಡು ಗಣ್ ಎಂದದ್ದು, ಅವನು ಯಾರನ್ನೋ ಬೈದದ್ದು ಕೇಳಿಸಿತು. ತಂಗಿ ತಲೆ ಎತ್ತಲಿಲ್ಲ. ಓಣಿಯ ಗೋಡೆಗೆ ವಿಷಗಾಳಿಯ ಡಿಟೆಕ್ಟರನ್ನು ಕೂರಿಸಿ, ಅಣ್ಣ ಇಳಿಬಿಟ್ಟ ವೈರನ್ನು ಸುಲಿದು, ಪ್ಯಾನೆಲ್‌ಗೆ ಸೇರಿಸಿದಳು.

ಅವಳು ಹೊಗೆ ಡಿಟೆಕ್ಟರುಗಳಿಗೆ ಕೈ ಹಾಕಿದ್ದಳಷ್ಟೆ, ಓಣಿಯ ಡಿಟೆಕ್ಟರ್ ಕಿರುಚಿಕೊಂಡಿತು. ಅದರ ಹಿಂದೆಯೇ ಪ್ಯಾನೆಲ್ ಕೂಡ. ಮನೆಯೆಲ್ಲ ಗಡಗಡ.

"ಏನೇ ಅದು?" ಮೇಲಿನಿಂದ ಅಣ್ಣ.

"ನಿನ್ನ ವೈರು!"

"ನನ್ನ ವೈರಲ್ಲ, ನಿನ್ನ ಪೆಟ್ಟಿಗೆ!"

ಅವಳು ಗುಂಡಿ ಒತ್ತಿ ಬಾಯಿ ಮುಚ್ಚಿಸಿದಳು. ಹೋದ ವಾರವಷ್ಟೇ ಒಬ್ಬ ಹಲ್ಲಿನ ಡಾಕ್ಟರ ಮನೆಯಲ್ಲಿ ಹೀಗೇ ಸುಮ್ಮಸುಮ್ಮನೆ ಕೂಗಿ ಮರ್ಯಾದೆ ಕಳೆದಿತ್ತು. ಇದೂ ಅದೇ ಕತೆ ಎಂದುಕೊಂಡು ಪ್ಯಾನೆಲ್ಲಿನ ಮುಚ್ಚಳ ಬಿಚ್ಚಿ ಒಂದೊಂದೇ ತಿರುಪು ನೋಡಿದಳು. ಎಲ್ಲವೂ ಬಿಗಿಯಾಗಿದ್ದವು.

"ಅಣ್ಣ, ಅಡುಗೆಮನೆ ಮೇಲಿನ ವೈರ್ ಜಾಯಿಂಟು ಬಿಗಿ ಇದೆಯಾ?"

ಉತ್ತರ ತಡವಾಗಿ ಬಂತು. "ಬಿಗಿ..." ಎಂದು ಅವನು ನಕ್ಕ. "ಬಿಗಿ ಅಂದ್ರೆ... ಏನೇ?"

ಅವಳಿಗೆ ಮೈ ಉರಿಯಿತು. ಜಗಳವಾದಾಗಲೆಲ್ಲ ಹೀಗೆ ಪೆದ್ದನ ಹಾಗೆ ಮಾತಾಡಿ ರೇಗಿಸುವುದು ಅವನಿಗೆ ಚಿಕ್ಕಂದಿನಿಂದ ಬಂದ ಚಾಳಿ. "ಆಯ್ತು, ನೀನು ನಗ್ತಾ ಇರು," ಎಂದು ಹಲ್ಲು ಕಚ್ಚಿ ವೈರನ್ನು ಮತ್ತೊಮ್ಮೆ ಸುಲಿದು ಸೇರಿಸಿದಳು.

ಮತ್ತೆ ಕಿರುಚಿತು.

ಈ ಸಲ ಅವಳು ಡಿಟೆಕ್ಟರನ್ನು ವೈರಿನಿಂದಲೇ ಬಿಡಿಸಿದಳು. ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದರೂ ಅದು ಒಳಗಿನ ಬ್ಯಾಟರಿಯ ಮೇಲೆ ಕೂಗುತ್ತಲೇ ಇತ್ತು. ಹಾಗಾದರೆ ವೈರಿನ ತಪ್ಪಲ್ಲ. ಡಿಟೆಕ್ಟರೇ ಕೆಟ್ಟಿದೆಯೋ? ಅದನ್ನು ಹಿಡಿದುಕೊಂಡು ಮುಂಬಾಗಿಲು ದಾಟಿ ಅಂಗಳದಲ್ಲಿ ನಿಂತಳು. ಪುಟ್ಟ ಪರದೆಯ ಮೇಲೆ ವಿಷಗಾಳಿ ಎಷ್ಟೆಂದು ತೋರಿಸುವ ಅಂಕಿ ಇಳಿಯತೊಡಗಿತು. ಇಳಿದೂ ಇಳಿದೂ ಕೊನೆಗೆ ಸೊನ್ನೆಗೆ ಬಂದು ಸುಮ್ಮನಾಯಿತು.

ಒಳಗೆ ಬಂದಳು. ಓಣಿಗೆ ಕಾಲಿಟ್ಟು ನಿಂತಳು. ಅಂಕಿ ಏರತೊಡಗಿತು.

ಕುರ್ಚಿಯಲ್ಲಿ ಮುದುಕರು ಹಣೆ ಹಿಡಿದುಕೊಂಡಿದ್ದರು. "ತಲೆ ಸಿಡೀತಾ ಇದೆ ಕಣಮ್ಮ."

"ಈ ಸದ್ದಿಗಾ ತಾತ?"

"ಸದ್ದಿಗೆ ಮುಂಚೆಯಿಂದಾನೇ. ಹೊಟ್ಟೆಯೂ ತೊಳಸ್ತಾ ಇದೆ."

ಅವಳು ಅಡುಗೆಮನೆಯ ಕಡೆ ತಿರುಗಿದಳು. ನಲ್ಲಿ ಇನ್ನೂ ಸುರಿಯುತ್ತಿತ್ತು. ಸಂದಿಯಲ್ಲಿ, ನೀಲಿಯಾಗಿರಬೇಕಾದ ಗೀಸರಿನ ಉರಿ ಹಳದಿಯಾಗಿ ಅಲುಗಾಡುತ್ತಿತ್ತು. ತಲೆಯ ಮೇಲೆ ಅಟ್ಟದ ಕಿಂಡಿ ಬಾಯಿ ತೆರೆದುಕೊಂಡಿತ್ತು. ಅದರೊಳಗಿಂದ ಈಗ ತೆವಳುವ ಸದ್ದಿಲ್ಲ, ಬೈಗುಳವಿಲ್ಲ, ನಗುವೂ ಇಲ್ಲ.

"ಅಣ್ಣಾ!"

ಅವಳು ಹಿಂದಿನ ಕೋಣೆಯತ್ತ ಕೂಗಿದಳು.

"ಅಕ್ಕಾ! ನೀರು ನಿಲ್ಲಿಸಿ! ಗ್ಯಾಸ್ ಆಫ್ ಮಾಡಿ! ತಾತನ್ನ ಹೊರಗೆ ಕರ್ಕೊಂಡು ಹೋಗಿ, ಆಂಬುಲೆನ್ಸ್‌ಗೆ ಫೋನ್ ಮಾಡಿ!"

ಬಣ್ಣದವಳು ನೀರು ತೊಟ್ಟಿಕ್ಕುವ ಕೈಯಲ್ಲೇ ಓಡಿ ಬಂದು ಅವಳ ಮುಖ ನೋಡಿದಳು. ಸಿಲಿಂಡರ್ ಬಂದ್ ಮಾಡಿ, ಮಾವನ ರಟ್ಟೆ ಹಿಡಿದು ಎಬ್ಬಿಸಿಕೊಂಡು ನಡೆದಳು. ತಂಗಿ ಸಿಕ್ಕ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು, ಅಂಗಳಕ್ಕೆ ಹೋಗಿ ಎದೆ ತುಂಬ ಉಸಿರು ಎಳೆದುಕೊಂಡು ಓಡಿ ಬಂದು ಏಣಿ ಹತ್ತಿದಳು. ಇಂಥ ಕಡೆ ಯಾರೂ ಒಳಗೆ ನುಗ್ಗಬೇಡಿ ಎಂದು ಮನೆಮನೆಯಲ್ಲೂ ಹೇಳಿಕೊಡುತ್ತಿದ್ದವಳು ಅವಳೇ. ಆದರೆ ಮೇಲಿದ್ದವನು ಅಣ್ಣ.

ಟಾರ್ಚ್ ಮರದ ತೊಲೆಗೆ ಒರಗಿ ಬಿದ್ದಿತ್ತು. ಅದರ ಬೆಳಕಿನಲ್ಲಿ ತಗಡಿನ ಪೈಪು ನಡುವಿನ ಜೋಡಣೆಯಲ್ಲಿ ಕಳಚಿ ಬಾಗಿ ನಿಂತಿದ್ದು ಕಂಡಿತು. ಅಣ್ಣ ಕಿಂಡಿಯ ಕಡೆಗೆ ಕಾಲು ಚಾಚಿ ಬೋರಲಾಗಿ ಬಿದ್ದಿದ್ದ. ಅವಳು ಕೈ ಚಾಚಿ ಪಾದ ಹಿಡಿದು ಎಳೆದಳು. ಆಸಾಮಿ ಕದಲಲಿಲ್ಲ. ಹಿಡಿದಿದ್ದ ಉಸಿರು ತೀರುತ್ತ ಬಂತು. ಇಳಿದಳು, ಅಂಗಳಕ್ಕೆ ಓಡಿದಳು, ಉಸಿರೆಳೆದುಕೊಂಡಳು, ವೈರ್ ಎಳೆಯುವ ಹಗ್ಗ ಹಿಡಿದು ಮತ್ತೆ ಹತ್ತಿದಳು. ಅವನ ಎರಡೂ ಕಾಲು ಸೇರಿಸಿ ಗಂಟು ಹಾಕಿ ಹಗ್ಗದ ತುದಿಯನ್ನು ಕೆಳಗೆ ಎಸೆದಳು.

ಆಂಬುಲೆನ್ಸ್‌ಗೆ ಫೋನ್ ಮಾಡಿ ಮರಳಿ ಬಂದಿದ್ದ ಬಣ್ಣದವಳು ಹಗ್ಗ ಹಿಡಿದಳು. ಅವಳ ಹಿಂದೆಯೇ ಮುದುಕರೂ ಬಂದು ನಿಂತಿದ್ದರು.

"ತಾತ, ಹೊರಗೆ ಹೋಗಿ!"

"ನೀನು ಬಾಯಿ ಮುಚ್ಕೊಂಡು ಎಳಿ," ಎಂದರು ಮುದುಕರು.

ಮೂವರೂ ಎಳೆದರು. ಮೊದಲು ಬೂಟು, ಆಮೇಲೆ ಮೊಣಕಾಲು, ಆಮೇಲೆ ಇಡೀ ದೇಹ ಜಾರಿಕೊಂಡು ಕಿಂಡಿಯ ಅಂಚಿಗೆ ಬಂತು. ಏಣಿಯ ಮೇಲೆ ನಿಂತು ತಂಗಿ ಅವನ ಸೊಂಟಕ್ಕೆ ಹೆಗಲು ಕೊಟ್ಟಳು. ಇಳಿಸುವಾಗ ತಲೆ ಏಣಿಯ ಮೆಟ್ಟಿಲಿಗೆ ಎರಡು ಸಲ ಬಡಿಯಿತು. ನೋಡುತ್ತ ಕೂರುವ ಹೊತ್ತು ಅದಾಗಿರಲಿಲ್ಲ. ಅಂಗಳಕ್ಕೆ ಎಳೆದು ತಂದು ಮಲಗಿಸಿದಾಗ ಅವನ ಅಂಗಿಯ ತುಂಬ ನೀಲಿ ಕೈಗಳ ಗುರುತು. ಅವಳು ಮೂಗಿಗೆ ಕೆನ್ನೆ ಹಚ್ಚಿದಳು. ಉಸಿರಿತ್ತು. ಎಲ್ಲೋ ಆಳದಿಂದ, ಬರಲೋ ಬೇಡವೋ ಎಂಬಂತೆ ಬರುತ್ತಿತ್ತು.

"ಅಣ್ಣ, ಏಳೋ. ನಾನು ಎಲ್ಲೂ ಹೋಗಲ್ಲ, ಏಳೋ," ಎಂದು ಆಂಬುಲೆನ್ಸ್ ಬರುವವರೆಗೂ ಗದ್ದ ಹಿಡಿದು ಅಲುಗಾಡಿಸುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿ ಬಹಳ ಹೊತ್ತಾದ ಮೇಲೆ ಅವನು ಕಣ್ಣು ಬಿಟ್ಟ. ಮುದುಕರನ್ನೂ ಪರೀಕ್ಷಿಸಿ, ಅಪಾಯವಿಲ್ಲವೆಂದು ಪಕ್ಕದ ಕೋಣೆಯಲ್ಲಿ ಮಲಗಿಸಿದ್ದರು. ಅಣ್ಣ ಮುಖದ ಮೇಲಿನ ಮಾಸ್ಕ್ ಸರಿಸಿ ಮೆಲ್ಲಗೆ ಹೇಳಿದ, "ಮೊಣಕೈ ತಾಗ್ತು ಕಣೇ. ಪೈಪು ಜರುಗಿದ್ದು ನಂಗೆ ಗೊತ್ತಾಯ್ತು. ಇಳಿಯೋವಾಗ ಸರಿ ಮಾಡೋಣ ಅಂದ್ಕೊಂಡೆ."

ಅವಳು ಮಾಸ್ಕನ್ನು ಮತ್ತೆ ಕೂರಿಸಿದಳು, ಅವನು ಮತ್ತೆ ಸರಿಸಿದ.

"ಹಳೇ ಪೈಪು, ತಾನೇ ಕಳಚ್ಕೊಂಡಿತ್ತು ಅಂದ್ಬಿಡು. ಯಾರು ನೋಡಿದ್ದಾರೆ?"

"ನಾನು ನೋಡಿದ್ದೀನಿ," ಎಂದು ಎದ್ದಳು.

ಬಣ್ಣದವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ತಂಗಿ ಅವಳ ಎದುರು ನಿಂತು, ತಗಡು ಗಣ್ ಎಂದದ್ದರಿಂದ ಹಿಡಿದು, ಮೊದಲ ಸಲ ಕೂಗಿದಾಗ ತಾನೇ ಬಾಯಿ ಮುಚ್ಚಿಸಿದ್ದರವರೆಗೆ ಎಲ್ಲ ಹೇಳಿದಳು. ಬಣ್ಣದವಳು ಕೇಳುತ್ತ ಕೇಳುತ್ತ ನೀಲಿ ಬೆರಳುಗಳನ್ನು ಮಡಿಲಲ್ಲಿ ಮುಷ್ಟಿ ಮಾಡಿಕೊಂಡಳು.

"ನಮ್ಮ ಮಾವ ಆ ಕಿಂಡಿ ಬುಡದಲ್ಲೇ ಕೂತಿದ್ರು," ಎಂದಳು ಕೊನೆಗೆ.

"ಹೌದಕ್ಕ."

"ಇವತ್ತು ನಂಗೆ ನಿಮ್ಮ ಮುಖ ನೋಡೋಕಾಗಲ್ಲ. ಹೋಗಿ."

ಅವಳು ಹೋದಳು. ಇನ್ನು ಆ ಮನೆಯ ಹೊಸ್ತಿಲು ತುಳಿಯುವ ಮಾತಿಲ್ಲ ಎಂದುಕೊಂಡಳು. ಆದರೆ ಕೆಲವು ದಿನ ಕಳೆದು ಫೋನ್ ಬಂತು. ಗೀಸರ್ ತೆಗೆಸಿ ಹೊಸದನ್ನು ಹೊರಗೋಡೆಗೆ ಹಾಕಿಸಿದ್ದಾಗಿತ್ತು. "ಅರ್ಧ ಬಿಟ್ಟ ಕೆಲಸ ಮುಗಿಸಿ ಕೊಡಿ. ಅಟ್ಟ ಮಾತ್ರ ನೀವೇ ಹತ್ತಬೇಕು," ಎಂದಳು ಬಣ್ಣದವಳು. ದನಿಯಲ್ಲಿ ಸಲಿಗೆ ಇರಲಿಲ್ಲ, ಕೋಪವೂ ಇರಲಿಲ್ಲ.

ಅಣ್ಣನೂ ಬಂದ. ಇನ್ನೂ ಮುಖ ಬಿಳಚಿಕೊಂಡಿತ್ತು. ಓಣಿಯಲ್ಲಿ ಮುದುಕರ ಮುಂದೆ ನಿಂತು, "ತಪ್ಪಾಯ್ತು ತಾತ. ನನ್ನ ಕೈಯಿಂದಾನೇ ಆಗಿದ್ದು," ಎಂದ. ಮುದುಕರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿನ್ನ ತೂಕ ಇಳಿಸು ಮಾರಾಯ," ಎಂದರು. "ನನ್ನ ರಟ್ಟೆ ಇನ್ನೂ ನೋಯ್ತಾ ಇದೆ."

ತಂಗಿ ಏಣಿಯ ಮೇಲೆ ಕಾಲಿಟ್ಟಳು. ಕಿಂಡಿಯ ಕತ್ತಲೆ ಕಂಡದ್ದೇ ಅರ್ಧದಲ್ಲೇ ನಿಂತಳು. ಅಣ್ಣ ಕೆಳಗಿನಿಂದ ಏಣಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡ.

"ಬೇರೆ ಹೋಗ್ತೀಯಲ್ಲ?" ಎಂದು ಕೇಳಿದ, ಅವಳಿಗೆ ಮಾತ್ರ ಕೇಳುವಂತೆ.

"ಗೊತ್ತಿಲ್ಲ ಅಣ್ಣ. ನಾನಿಳಿದು ಬರೋವರೆಗೂ ಮಾತಾಡ್ತಾನೇ ಇರು."

"ಏನು ಮಾತಾಡ್ಲಿ?"

"ಏನಾದ್ರೂ. ಬೇಕಾದ್ರೆ ಬೈ."

ಅವನು ಶುರುಮಾಡಿದ. ಅವಳು ಹತ್ತಿದಳು.