ಮೂವತ್ತೆಂಟು ಸುತ್ತು

ಐದು ದಿನಕ್ಕೊಮ್ಮೆ ನೀರು ಬರುವ ಬೀದಿಯಲ್ಲಿದ್ದುಕೊಂಡು ನೀರಿನ ಇಲಾಖೆಯಲ್ಲೇ ಕೆಲಸ ಮಾಡುವುದು ಅಂದರೆ ವಿಲನ್ ಮನೆಯಲ್ಲಿ ಬಾಡಿಗೆಗಿದ್ದ ಹಾಗೆ. ಬೆಳಿಗ್ಗೆ ಗುರುತಿನ ಚೀಟಿ ಕುತ್ತಿಗೆಗೆ ನೇತುಹಾಕಿಕೊಂಡು ಹೊರಟರೆ ಸಾಕು, ನಮ್ಮ ಗುಡ್ಡದ ಬೀದಿಯ ಹೆಂಗಸರು ಖಾಲಿ ಕೊಡ ಎತ್ತಿ ತೋರಿಸುತ್ತಾರೆ. ನಮ್ಮಮ್ಮ ಎಲ್ಲರಿಗಿಂತ ಮುಂದೆ ನಿಂತು ತೋರಿಸುತ್ತಾಳೆ.

"ಮನೇಲಿ ಇಬ್ರು ನೀರಿನೋರು. ಮುಖ ತೊಳೆಯಕ್ಕೆ ಒಂದು ಚೊಂಬಿಗೆ ಗತಿ ಇಲ್ಲ. ನಾಚಿಕೆ ಆಗಲ್ವೇನೋ?"

"ಅಮ್ಮಾ, ಹೀರೋ ಮುಖ ತೊಳೀದಿದ್ರೂ ಹೀರೋನೇ."

"ಹೀರೋ ಅಂತೆ. ಹೋಗೋ, ಪಾತ್ರೆ ತೊಳೆದ ನೀರಲ್ಲಿ ಕಾಲು ತೊಳೆದೋನೆ."

ಆ ಇಬ್ಬರಲ್ಲಿ ಒಬ್ಬ ನಾನು. ಕಚೇರಿಯಲ್ಲಿ ನನ್ನನ್ನು ಡೈಲಾಗ್ ಅಂತ ಕರೆಯುತ್ತಾರೆ. ಮನೆಮನೆಯ ನಲ್ಲಿ ನೀರಲ್ಲಿ ಕ್ಲೋರಿನ್ ಇದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಅಂಗಿಯ ಜೇಬಲ್ಲಿ ಒಂದು ಪುಟ್ಟ ಬಾಟಲಿ ಇರುತ್ತದೆ. ಲೋಟದ ನೀರಿಗೆ ಅದರಿಂದ ಐದು ಹನಿ ಬಿಟ್ಟರೆ, ಕ್ಲೋರಿನ್ ಇದ್ದ ನೀರು ಹಳದಿಯಾಗುತ್ತದೆ. ಇಲ್ಲದ ನೀರು ಇದ್ದ ಹಾಗೇ ಇರುತ್ತದೆ. ಅಷ್ಟೇ ವಿದ್ಯೆ. ನೋಡಿ ಮುಗಿದ ಮೇಲೆ ಚೆಲ್ಲಬೇಕು, ಕುಡಿಯಬಾರದು.

ಇನ್ನೊಬ್ಬಳು ನಮ್ಮಕ್ಕ. ಅವಳಿಗೆ ಕಿವಿ ಮೇಡಂ ಅಂತ ಹೆಸರು. ಆಳುದ್ದದ ಉಕ್ಕಿನ ಸರಳಿನ ಒಂದು ತುದಿಯನ್ನು ರಸ್ತೆಯ ವಾಲ್ವಿನ ಮೇಲೆ ಊರಿ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿ, ನೆಲದೊಳಗಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳುವುದು ಅವಳ ಕೆಲಸ. ಸೋರದ ಪೈಪು ಗುಂಯ್ ಅನ್ನುತ್ತದಂತೆ, ಸೋರುವ ಪೈಪು ಬುಸ್ ಅನ್ನುತ್ತದಂತೆ. ನಾನೂ ಒಮ್ಮೆ ಕಿವಿಯಿಟ್ಟು ನೋಡಿದ್ದೆ. ಬಸ್ಸಿನ ಹಾರ್ನ್ ಬಿಟ್ಟು ಏನೂ ಕೇಳಿಸಲಿಲ್ಲ.

ಎರಡು ವರ್ಷದ ಹಿಂದೆ ಅಕ್ಕ ಒಂದು ವರದಿ ಬರೆದಿದ್ದಳು. ಊರ ನಡುವಿನ ಉದ್ಯಾನದ ಕೆಳಮೂಲೆಯಲ್ಲಿ ಒಂದಡಿ ದಪ್ಪದ ಪೈಪು ಒಡೆದಿದೆ, ಅಗೆದು ಸರಿಮಾಡಬೇಕು ಅಂತ. ನಮ್ಮ ಗುಡ್ಡಕ್ಕೆ ನೀರು ಹತ್ತಿಸುವುದು ಆ ಪೈಪೇ. ಯಾರೂ ಅಗೆಯಲಿಲ್ಲ. ಮತ್ತೆ ಬರೆದಳು. ಆಗಲೂ ಅಗೆಯಲಿಲ್ಲ. ಮೂರನೇ ಸಲ ಬರೆದಾಗ ಗುಮಾಸ್ತ ಆ ಕಾಗದದ ಮೇಲೆ ಟೀ ಲೋಟ ಇಟ್ಟಿದ್ದನ್ನು ನಾನೇ ಕಂಡಿದ್ದೇನೆ.

ಅಷ್ಟರಲ್ಲಿ ಉದ್ಯಾನದ ಆ ಮೂಲೆಯಲ್ಲಿ ಮೊದಲು ಹುಲ್ಲು ಹಸಿರಾಯಿತು. ಆಮೇಲೆ ಕೆಸರಾಯಿತು. ಆಮೇಲೆ ಕಲ್ಲುಗಳ ಸಂದಿಯಿಂದ ನೀರು ಬುಗ್ಗೆಯಾಗಿ ಉಕ್ಕಿ ಕೊಳವಾಯಿತು, ಎಲ್ಲಿಂದಲೋ ಬಾತುಕೋಳಿಗಳೂ ಬಂದವು. ಕೊನೆಗೆ ನಮ್ಮ ಚೀಫ್ ಎಂಜಿನಿಯರ್ ಬಂದರು. ಕೊಳದ ದಡದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಮಾರನೇ ದಿನ ಊರ ತುಂಬ ಬ್ಯಾನರ್: "ನಗರದ ಒಡಲಲ್ಲೇ ಹೊಸ ಜಲಮೂಲ! ಇನ್ನು ಐವತ್ತು ವರ್ಷ ನೀರಿಗೆ ಚಿಂತೆಯಿಲ್ಲ!"

ನಮ್ಮ ಪೈಪಿನಿಂದ ಸೋರಿದ ನಮ್ಮ ನೀರನ್ನೇ ಇವರು ಕಂಡುಹಿಡಿದಿದ್ದರು! ಬ್ಯಾನರ್ ಓದಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮನೆಗೆ ಬಂದು ಅಮ್ಮ ಕೊಡದ ತಳದ ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದುದನ್ನು ಕಂಡ ಮೇಲೆ ನಗು ಬರಲಿಲ್ಲ.

ಅಲ್ಲೊಂದು ಪಂಪ್‌ಹೌಸ್ ಕಟ್ಟುವುದು, ಟ್ಯಾಂಕರುಗಳಿಗೆ ತುಂಬಿಸುವುದು ಚೀಫ್ ಸಾಹೇಬರ ಯೋಜನೆ. ಉದ್ಘಾಟನೆಯ ಹಿಂದಿನ ದಿನ ಅಕ್ಕನನ್ನು ಕರೆಸಿದರು. ಸ್ಯಾಂಪಲ್ ಪೆಟ್ಟಿಗೆ ಇಡುವ ನೆಪದಲ್ಲಿ ನಾನೂ ಒಳಗೆ ನುಸುಳಿದೆ. ಮೇಜಿನ ಮೇಲೆ ಒಂದೇ ಸಾಲಿನ ಕಾಗದವಿತ್ತು: ಈ ಸ್ಥಳದಲ್ಲಿ ಪೈಪ್ ಸೋರಿಕೆ ಇಲ್ಲ. ಕೆಳಗೆ ಅಕ್ಕನ ಸಹಿಗೆ ಜಾಗ.

"ನೋಡಮ್ಮ, ನಿನ್ನ ಕಿವಿಗೆ ವಯಸ್ಸಾಯ್ತೋ ಏನೋ," ಅಂದರು ಸಾಹೇಬರು.

"ಕಿವಿಗೆ ಮೂವತ್ತೊಂದು ಸಾರ್. ಪೈಪಿಗೆ ಅರವತ್ತು."

ನನ್ನ ಬಾಯಿಂದ ಸಿಳ್ಳೆ ಬಂದೇಬಿಡುತ್ತಿತ್ತು. ಹಲ್ಲು ಕಚ್ಚಿ ತಡೆದೆ.

"ಸೋರಿಕೆ ರಿಪೇರಿ ಮಾಡಿದ್ರೆ ಯಾರಾದ್ರೂ ರಿಬ್ಬನ್ ಕತ್ತರಿಸಕ್ಕೆ ಬರ್ತಾರಾ? ಹೊಸ ಮೂಲ ಅಂದ್ರೆ ಇಡೀ ಊರೇ ಬರುತ್ತೆ. ಸಹಿ ಹಾಕು."

"ನೂರು ಕೊಡ ಬಿಟ್ರೆ ಅರವತ್ತೂ ಮನೆ ಸೇರ್ತಿಲ್ಲ ಸಾರ್. ಸೋರೋದನ್ನ ನಿಲ್ಲಿಸಿದ್ರೆ ಸಾಕು, ಅದೇ ಹೊಸ ಮೂಲ."

"ನಾಳೆ ಹನ್ನೊಂದಕ್ಕೆ ಕಾರ್ಯಕ್ರಮ. ಸಹಿ ಮಾಡಿದ ಕಾಗದ ತಗೊಂಡ್ ಬಾ. ಇಲ್ಲಾಂದ್ರೆ ನಾಡಿದ್ದಿಂದ ಬರ್ಲೇಬೇಡ."

ಮೆಟ್ಟಿಲು ಇಳಿಯುವಾಗ ಅಕ್ಕ ಆ ಕಾಗದವನ್ನು ಮಡಿಸಿ ಮಡಿಸಿ ಬೆರಳಷ್ಟು ಮಾಡಿದ್ದಳು.

"ಅಕ್ಕಾ, ಆ ಬುಗ್ಗೆ ನೀರಿಗೆ ಮೊನ್ನೆನೇ ಐದು ಹನಿ ಬಿಟ್ಟು ನೋಡ್ದೆ. ಹಳದಿ! ನೆಲದಿಂದ ತಾನಾಗೇ ಬಂದ ನೀರಿಗೆ ಕ್ಲೋರಿನ್ ಹಾಕೋರು ಯಾರು? ಅದು ನಮ್ಮ ಪೈಪಿಂದೇ."

"ಹಾಗಾದ್ರೆ ವರದಿ ಬರಿ. ಕೆಳಗೆ ನಿನ್ನ ಸಹಿ ಹಾಕು."

"ನಿನ್ನ ಮೂರು ವರದಿ ಟೀ ಲೋಟದ ಕೆಳಗೆ ಹೋಯ್ತು. ನಾಲ್ಕನೇದನ್ನ ನಾನು ಸ್ಟೇಜ್ ಮೇಲೆ ಓದ್ತೀನಿ. ಲೋಟ ಎತ್ತು, ಹನಿ ಬಿಡು, ಜನ ದಂಗು. ಕ್ಲೈಮ್ಯಾಕ್ಸ್!"

ಅಕ್ಕ ನಿಂತಳು. "ಬೇಡ ಕಣೋ. ನೀನು ಮುಟ್ಟಿದ್ದೆಲ್ಲ ತಮಾಷೆ ಆಗುತ್ತೆ. ಕಚೇರಿ ಕೂಲರಿಗೆ ಬೀಟ್‌ರೂಟ್ ರಸ ಸುರಿದಿದ್ದು ಮರೆತ್ಯಾ?"

ಹೇಗೆ ಮರೆಯಲಿ? ಹೋದ ವರ್ಷ ಕೆಂಪು ನೀರು ಕಂಡು ಗುಮಾಸ್ತ ಮೂರ್ಛೆ ಹೋಗಿದ್ದ. ನನ್ನ ಜೀವನದ ಸೂಪರ್ ಹಿಟ್ ಅದು. ಅದರ ಎರಡನೇ ಭಾಗವೂ ಗೆಲ್ಲುತ್ತದೆ ಅಂದುಕೊಂಡು ತಲೆಯಾಡಿಸಿದೆ. ಅಕ್ಕನ ಮಾತು ಕೇಳಲಿಲ್ಲ.

ಮಾರನೇ ದಿನ ಹನ್ನೊಂದಕ್ಕೆ ಉದ್ಯಾನದಲ್ಲಿ ಶಾಮಿಯಾನ, ಮೈಕು, ಕೊಳದ ಸುತ್ತ ಬಣ್ಣದ ಪಟ್ಟಿ. ಜನ ತುಂಬಬೇಕಲ್ಲ, ನಮ್ಮ ಬೀದಿಯವರಿಗೆ ಮೊದಲ ಟ್ಯಾಂಕರಿನಿಂದ ಮನೆಗೆರಡು ಕೊಡ ನೀರು ಅಂತ ಹೇಳಿ ಕರೆಸಿದ್ದರು. ಅಮ್ಮ ಎರಡು ಕೊಡ ಮುಂದಿಟ್ಟುಕೊಂಡು ಬಿಸಿಲಲ್ಲಿ ಕೂತಿದ್ದಳು. ಅಕ್ಕ ಇಲಾಖೆಯ ಗಾಡಿಗೆ ಒರಗಿ ನಿಂತಿದ್ದಳು. ಕಾಗದಕ್ಕೆ ಸಹಿ ಬಿದ್ದಿರಲಿಲ್ಲ.

ಸಾಹೇಬರು ಮೈಕ್ ಹಿಡಿದರು. "ಬಂಧುಗಳೇ, ಇದು ಭೂಮಿತಾಯಿ ತಾನಾಗಿ ಕೊಟ್ಟ ನೀರು! ಎಂದೂ ಬತ್ತದ ನೀರು! ಮೊದಲ ಲೋಟ ನಾನೇ ಕುಡಿದು ತೋರಿಸ್ತೀನಿ!"

ಬುಗ್ಗೆಯಿಂದ ಹಿಡಿದ ಲೋಟವನ್ನು ತಟ್ಟೆಯಲ್ಲಿಟ್ಟುಕೊಂಡು ವೇದಿಕೆ ಹತ್ತಿದವನು ನಾನೇ. ಆ ಕೆಲಸ ಗಿಟ್ಟಿಸಿಕೊಳ್ಳಲು ಗುಮಾಸ್ತನಿಗೆ ಎರಡು ಟೀ ಕುಡಿಸಿದ್ದೆ. ಸಾಹೇಬರ ಕೈ ಲೋಟದ ಹತ್ತಿರ ಬಂದಾಗ ಎಲ್ಲರೆದುರೇ ಬಾಟಲಿ ತೆಗೆದು ಐದು ಹನಿ ಬಿಟ್ಟೆ. ನೀರು ಹಳದಿಯಾಯಿತು. ಲೋಟವನ್ನು ತಲೆ ಮೇಲೆತ್ತಿ, ಎದೆಯುಬ್ಬಿಸಿ, ಮೈಕಿಗೆ ಬಾಯಿಟ್ಟೆ.

"ಈ ನೀರು ಭೂಮಿತಾಯಿ ಕೊಟ್ಟಿದ್ದಲ್ಲ. ನಮ್ಮಮ್ಮನ ನಲ್ಲಿಯಿಂದ ಕದ್ದಿದ್ದು!"

ನನ್ನ ತಲೆಯೊಳಗೆ ಮ್ಯೂಸಿಕ್ ಕೂಡ ಶುರುವಾಗಿತ್ತು.

ಸಾಹೇಬರು ಸಿಟ್ಟಾಗಲಿಲ್ಲ. ನಕ್ಕರು. ನನ್ನ ಹೆಗಲ ಮೇಲೆ ಕೈ ಹಾಕಿ ಮೈಕ್ ಎಳೆದುಕೊಂಡರು. "ಹೋದ ವರ್ಷ ನಮ್ಮ ಆಫೀಸ್ ಕೂಲರಿಗೆ ಕೆಂಪು ಬಣ್ಣ ಹಾಕಿದ ಹುಡುಗ ಇವನೇ. ಈ ವರ್ಷ ಹಳದಿ. ಮುಂದಿನ ವರ್ಷ ಹಸಿರಾ ಮಗಾ?"

ಶಾಮಿಯಾನ ನಡುಗುವ ಹಾಗೆ ಜನ ನಕ್ಕರು. ಗುಮಾಸ್ತ ಚಪ್ಪಾಳೆ ತಟ್ಟಿದ. ನಮ್ಮ ಬೀದಿಯವರೂ ನಕ್ಕರು, ಮೂರು ದಿನದಿಂದ ಸ್ನಾನ ಕಾಣದ ನಮ್ಮ ಬೀದಿಯವರು! ಕೂಲರಿನ ಕತೆಯನ್ನು ಬೀದಿ ತುಂಬ ಹೇಳಿಕೊಂಡು ತಿರುಗಿದವನು ನಾನೇ ಅಲ್ಲವೇ? ನನ್ನ ಕೈಯಲ್ಲಿದ್ದ ಸತ್ಯ ನನ್ನ ಕೈಯಲ್ಲಿದ್ದುದಕ್ಕೇ ಜೋಕಾಯಿತು. ಆ ಲೋಟದ ನೀರನ್ನು ಸಾಹೇಬರ ಬಿಳಿ ಅಂಗಿಗೆ ಎರಚಬೇಕು ಅನ್ನಿಸಿತು. ಎರಚಿದ್ದರೆ ಅದೂ ತಮಾಷೆಯೇ ಆಗುತ್ತಿತ್ತು.

ತಲೆತಗ್ಗಿಸಿ ವೇದಿಕೆ ಇಳಿದೆ. ಅಕ್ಕ ನನ್ನನ್ನು ಬೈಯಲಿಲ್ಲ. ಗಾಡಿಯ ಹಿಂದಿನಿಂದ ವಾಲ್ವ್ ಕೀ ಎಳೆದಳು. ಸೊಂಟದೆತ್ತರದ, ಮೇಲೆ ಅಡ್ಡಹಿಡಿಯಿರುವ ಕಬ್ಬಿಣದ ಕೀಲಿ ಅದು.

"ಎಲ್ರೂ ನಕ್ಕಾಯ್ತಲ್ಲ. ಬಾ, ಮುಚ್ಚಳ ಎತ್ತು."

ಉದ್ಯಾನದ ಗೇಟಿನ ಹೊರಗೆ, ರಸ್ತೆಯ ಅಂಚಲ್ಲಿ ನಮ್ಮ ಗುಡ್ಡದ ಪೈಪಿನ ವಾಲ್ವಿನ ಮುಚ್ಚಳ. ಎತ್ತಿದೆ. ಅಕ್ಕ ಕೀಲಿಯನ್ನು ಗುಂಡಿಯೊಳಗೆ ಇಳಿಸಿ, ಅಡ್ಡಹಿಡಿಗೆ ಮೈಭಾರ ಕೊಟ್ಟು ತಿರುಗಿಸತೊಡಗಿದಳು. ಒಂದು. ಎರಡು. ಮೂರು.

"ಬೇಗ ತಿರುಗಿಸಕ್ಕಾ, ರಿಬ್ಬನ್ ಕತ್ತರಿಸಿಬಿಡ್ತಾರೆ!"

"ಬೇಗ ಮುಚ್ಚಿದ್ರೆ ಹರಿಯೋ ನೀರು ತಿರುಗಿ ಗುದ್ದುತ್ತೆ, ಪೈಪು ಇನ್ನೆರಡು ಕಡೆ ಒಡೆಯುತ್ತೆ. ನನಗೆ ಸಿಟ್ಟಿರೋದು ಅವ್ರ ಮೇಲೆ. ಪೈಪಿನ ಮೇಲಲ್ಲ."

ಅವಳ ಹಣೆಯ ನರ ಉಬ್ಬಿತ್ತು, ಆದರೂ ಕೈ ಮಾತ್ರ ಅಳತೆ ತಪ್ಪಲಿಲ್ಲ. ಹತ್ತು ಸುತ್ತಿಗೊಮ್ಮೆ ನಿಂತು ಉಸಿರು ಬಿಟ್ಟಳು. ಮೂವತ್ತೈದು. ಮೂವತ್ತಾರು. ಮೂವತ್ತೆಂಟಕ್ಕೆ ವಾಲ್ವ್ ಕಚ್ಚಿಕೊಂಡು ನಿಂತಿತು.

ಅತ್ತ ಸಾಹೇಬರು ಕತ್ತರಿ ಹಿಡಿದುಕೊಂಡೇ ಭಾಷಣ ಎಳೆಯುತ್ತಿದ್ದರು. ನಾವು ಗೇಟಿನೊಳಗೆ ಬರುವ ಹೊತ್ತಿಗೆ ಮೊಣಕಾಲೆತ್ತರ ಚಿಮ್ಮುತ್ತಿದ್ದ ಬುಗ್ಗೆ ಗೇಣಿಗೆ ಇಳಿದಿತ್ತು. ನೋಡನೋಡುತ್ತ ಬೆರಳಷ್ಟಾಯಿತು. ಗುಳುಗುಳು ಅಂತ ಎರಡು ಸಲ ಬಿಕ್ಕಿ ನಿಂತಿತು. ಬಾತುಕೋಳಿಯೊಂದು ಕ್ವಾಕ್ ಅಂದಿತು. ಮೈಕಿನಲ್ಲಿ "ಎಂದೂ ಬತ್ತದ..." ಅನ್ನುತ್ತಿದ್ದ ಸಾಹೇಬರು ಜನರ ಮುಖ ನೋಡಿ ಕೊಳದ ಕಡೆ ತಿರುಗಿದರು. ಆಮೇಲೆ ಅಕ್ಕನ ಕೈಯಲ್ಲಿದ್ದ ಕೀಲಿ ಕಂಡರು. ಮೈಕ್ ಬಾಯಿಗೇ ಇತ್ತು.

"ಯಾರು ಮುಚ್ಚಿದ್ದು? ಏಯ್, ವಾಲ್ವ್ ತೆಗೀರಿ! ಮೊದಲು ಆ ವಾಲ್ವ್ ತೆಗೀರಿ!"

ಆ ಮಾತು ಉದ್ಯಾನದ ನಾಲ್ಕೂ ಸ್ಪೀಕರಿನಲ್ಲಿ ಕೇಳಿಸಿತು. ನಮ್ಮಮ್ಮ ಎದ್ದು ನಿಂತಳು.

"ಸ್ವಾಮಿ, ಭೂಮಿತಾಯಿ ಕೊಟ್ಟ ನೀರಿಗೆ ವಾಲ್ವ್ ಯಾಕೆ?"

ಈ ಸಲ ಯಾರೂ ನಗಲಿಲ್ಲ. ಅಮ್ಮ ಬಣ್ಣದ ಪಟ್ಟಿಯ ಕೆಳಗೆ ನುಗ್ಗಿ ಕೊಳದ ಕೆಸರಿಗಿಳಿದಳು. "ಎರಡು ವರ್ಷ! ಎರಡು ವರ್ಷ ನಮ್ಮ ನೀರಲ್ಲಿ ಬಾತುಕೋಳಿ ಈಜಿಸಿ, ನಮಗೇ ಎರಡು ಕೊಡ ದಾನ ಕೊಡಕ್ಕೆ ಕರೆದ್ರಾ? ಅಗೀರಿ ಇಲ್ಲಿ. ಅಗೆಯೋ ತನಕ ನಾನು ಏಳಲ್ಲ." ಖಾಲಿ ಕೊಡವನ್ನು ಕೆಸರಲ್ಲಿ ಬೋರಲು ಹಾಕಿ ಅದರ ಮೇಲೆ ಕೂತಳು. ಹಿಂದೆಯೇ ಇಡೀ ಗುಡ್ಡದ ಬೀದಿ ಇಳಿಯಿತು. ಇಪ್ಪತ್ತು, ಮೂವತ್ತು, ನಲವತ್ತು ಕೊಡ. ಸಾಹೇಬರ ಕೈಯಲ್ಲಿ ಕತ್ತರಿ ಹಾಗೇ ಉಳಿಯಿತು.

ಮಧ್ಯಾಹ್ನ ಮೂರಕ್ಕೆ ಅಗೆಯುವ ಯಂತ್ರ ಬಂತು. ಅಕ್ಕ ವರದಿಯಲ್ಲಿ ಬರೆದಿದ್ದ ಜಾಗದಿಂದ ಎರಡು ಗೇಣು ಆಚೆ ಪೈಪು ಸೀಳಿತ್ತು, ನನ್ನ ಕೈ ತೂರುವಷ್ಟು. ಕಬ್ಬಿಣದ ಪಟ್ಟಿ ಕಟ್ಟಿ ಬೋಲ್ಟ್ ಬಿಗಿದು, ವಾಲ್ವ್ ಮತ್ತೆ ತೆರೆದು ಮುಗಿಸಿದಾಗ ಇನ್ನೂ ಬೆಳಕಿತ್ತು. ಅರ್ಧ ದಿನದ ಕೆಲಸ. ಅರ್ಧ ದಿನದ ಕೆಲಸಕ್ಕೆ ಎರಡು ವರ್ಷ!

ಮಾರನೇ ಬೆಳಿಗ್ಗೆ ನಮ್ಮ ನಲ್ಲಿ ಮೊದಲು ಕೆಮ್ಮಿತು, ಆಮೇಲೆ ಧೋ ಎಂದು ಸುರಿಯಿತು. ಐದನೇ ದಿನವೂ ಅಲ್ಲ, ಸರದಿಯೂ ಅಲ್ಲ. ಅಮ್ಮ ತುಂಬುತ್ತಲೇ ಇದ್ದಳು. ಅದೇ ಹೊತ್ತಿಗೆ ಅಕ್ಕನಿಗೆ ಕಚೇರಿಯಿಂದ ಕಾಗದ ಬಂತು. ಅನುಮತಿಯಿಲ್ಲದೆ ವಾಲ್ವ್ ಮುಚ್ಚಿದ್ದಕ್ಕಾಗಿ ಕೆಲಸದಿಂದ ತೆಗೆದುಹಾಕಲಾಗಿದೆ, ಇಲಾಖೆಯ ಸರಳನ್ನು ಇಂದೇ ಒಪ್ಪಿಸತಕ್ಕದ್ದು. ಸೀಳಿದ ಪೈಪಿನ ಬಗ್ಗೆ ಒಂದಕ್ಷರ ಇರಲಿಲ್ಲ.

ನಾನು ಕಾಗದ ಹರಿಯಲು ಹೋದೆ. ಅಕ್ಕ ಕಿತ್ತುಕೊಂಡಳು.

"ಒಪ್ಪಿಸ್ತೀನಿ. ನಡ್ಕೊಂಡೇ ಹೋಗಿ ಒಪ್ಪಿಸ್ತೀನಿ. ನೀನು ಹಳದಿ ಬಣ್ಣದ ಡಬ್ಬಿ, ಬ್ರಷ್ಷು ತಗೊಂಡ್ ಬಾ. ತಮಾಷೆ ಮಾಡಿದ್ರೆ ಕಪಾಳಕ್ಕೆ ಬಾರಿಸ್ತೀನಿ."

ಗುಡ್ಡದಿಂದ ಕಚೇರಿಗೆ ಎರಡು ಮೈಲಿ. ದಾರಿಯಲ್ಲಿ ಸಿಕ್ಕ ಪ್ರತಿ ವಾಲ್ವಿನ ಮೇಲೂ ಅಕ್ಕ ಸರಳು ಊರಿ ಕಿವಿ ಹಚ್ಚಿದಳು. ಬುಸ್ ಅಂದಲ್ಲೆಲ್ಲ ಸರಳಿನ ತುದಿಯಿಂದ ನೆಲ ಕುಟ್ಟಿ ತೋರಿಸಿದಳು, ನಾನು ಹಳದಿ ವೃತ್ತ ಬರೆದು ಒಳಗೆ ಅಂಕಿ ಹಾಕಿದೆ. ಔಷಧಿ ಅಂಗಡಿಯ ಮುಂದೆ ಒಂದು, ಶಾಲೆಯ ಗೋಡೆಯ ಪಕ್ಕ ಎರಡು, ಬಸ್ ನಿಲ್ದಾಣದ ತಿರುವಲ್ಲಿ ಆರು. ನಾನು ಒಂದೂ ಡೈಲಾಗ್ ಹೊಡೆಯಲಿಲ್ಲ. ಹಿಂದೆ ತಿರುಗಿ ನೋಡಿದರೆ ಅಮ್ಮ ಮತ್ತು ಬೀದಿಯವರು ಖಾಲಿ ಕೊಡ ಹಿಡಿದು ಬರುತ್ತಿದ್ದರು. ಮನೆಯಲ್ಲಿ ನೀರು ತುಂಬಿದ್ದರೂ ಬರುತ್ತಿದ್ದರು.

ಕಚೇರಿಯ ಅಂಗಳದಲ್ಲಿ ಅಕ್ಕ ಕೊನೆಯ ಸಲ ಸರಳು ಊರಿದಳು. ತುಂಬ ಹೊತ್ತು ಕೇಳಿದಳು, ನೆಲ ಕುಟ್ಟಿದಳು. ಆಮೇಲೆ ಸರಳನ್ನು ಗುಮಾಸ್ತನ ಮೇಜಿನ ಮೇಲೆ, ಟೀ ಲೋಟದ ಪಕ್ಕಕ್ಕೆ ಠಣ್ ಎಂದು ಇಟ್ಟು ಬಂದಳು. ಸದ್ದಿಗೆ ಚೀಫ್ ಸಾಹೇಬರು ಕಿಟಕಿಯಲ್ಲಿ ಇಣುಕಿದರು.

ನಾನಾಗಲೇ ಅವರ ಕಾರಿನ ಸುತ್ತ ವೃತ್ತ ಬರೆದು ಹನ್ನೊಂದು ಅಂತ ಹಾಕಿದ್ದೆ. ಹೆಂಗಸರು ಒಬ್ಬೊಬ್ಬರಾಗಿ ಕೊಡ ಬೋರಲು ಹಾಕಿ ಕೂರುತ್ತಿದ್ದರು.

ಅಕ್ಕ ಕತ್ತೆತ್ತಿ ಹೇಳಿದಳು. "ಕಾರ್ ತೆಗೀರಿ ಸಾರ್. ಅಗೀಬೇಕು."