ಉಣ್ಣೆಯ ಸಾಹುಕಾರ

ಕೆಂಚವ್ವ ಗಂಡನ ಧೋತರದ ಗಂಟಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

"ಬಿಡಬೇ," ಎಂದಳು ನೆಗೆಣ್ಣಿ ಬಸಕ್ಕ. "ಹಂಡೆದಾಗ ನೀರು ಕಾದಾವು. ಗಂಡಸರು ಮೈ ತೊಳೀತಾರ. ನೀ ಎದ್ದು ಈ ಕಡೆ ಬಾ."

"ನಾನ ತೊಳೀತೇನಿ."

"ಎಲ್ಲ್ಯರ ಐತೇನು? ಒಡಹುಟ್ಟಿದ ಅಣ್ಣ ಕುಂತಾನಲ್ಲ."

ಶಲವಡಿಯ ಆ ಅಂಗಳದಲ್ಲಿ ಅರ್ಧ ಊರೇ ಸೇರಿತ್ತು. ಕುರಿ ಕಾಯುತ್ತಲೇ ಅರವತ್ತು ದಾಟಿದ ಕರಿಸಿದ್ದಪ್ಪ ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಈಗ ಗೋಡೆಗೆ ಆನಿಸಿ ಕೂಡಿಸಿದ್ದರು. ಯಾರೊಂದಿಗೂ ಜಗಳಾಡದ ಮನುಷ್ಯ. ಅವನ ಬಗ್ಗೆ ಊರಿಗೆ ಗೊತ್ತಿಲ್ಲದ್ದು ಒಂದೇ ಒಂದು, ಅದು ಈ ಗಂಟಿನ ಕೆಳಗಿತ್ತು. ಅದನ್ನು ಏಳು ವರ್ಷ ಕಾಪಾಡಿಕೊಂಡು ಬಂದವಳು ಕೆಂಚವ್ವ. ಇನ್ನೊಂದು ತಾಸು ಕಾಪಾಡಿದರೆ ಮಣ್ಣೇ ಮುಚ್ಚಿಕೊಳ್ಳುತ್ತಿತ್ತು. ಆ ಒಂದು ತಾಸೇ ಕಠಿಣ ನೋಡಿ.

*

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಹುಬ್ಬಳ್ಳಿಯ ದವಾಖಾನೆಯಲ್ಲಿ ಡಾಕ್ಟರ್ ಲಕ್ಷ್ಮಣಪ್ಪ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಉಚ್ಚೆಯಲ್ಲಿ ರಕ್ತ ಬೀಳುತ್ತಿದ್ದದ್ದು ಉಷ್ಣದಿಂದಲ್ಲ, ಮೂತ್ರಕೋಶದ ಕ್ಯಾನ್ಸರಿನಿಂದ. ಅದನ್ನು ಪೂರಾ ತೆಗೆಯಬೇಕು. ಒಂದು ಗೇಣು ಕರುಳು ಕತ್ತರಿಸಿ, ಹೊಕ್ಕುಳದ ಬಾಜು ಒಂದು ಬಾಯಿ ಮಾಡಿ, ಉಚ್ಚೆ ಹೊರಗಿನ ರಬ್ಬರ್ ಚೀಲಕ್ಕೆ ಇಳಿಯುವಂತೆ ಮಾಡಬೇಕು. ಹಾಗೇ ಮಾಡಿದರು. ಕರಿಸಿದ್ದಪ್ಪ ಉಳಿದ.

ಗಾಯ ಮಾಯ್ದ ಮೇಲೆ ಡಾಕ್ಟರು ಫೋಟೊ ತೆಗೆಯಲು ಕೇಳಿದರು. "ಈ ಆಪರೇಶನ್ ಮ್ಯಾಲೆ ಬರ್ಯಾಕ ಹತ್ತೇನಿ. ಬ್ಯಾರೆ ಡಾಕ್ಟರು ಓದಿ ಮಾಡ್ತಾರ. ನಿಮ್ಮಂಥವರು ಇನ್ನೊಂದ ನಾಕ ಮಂದಿ ಉಳೀತಾರ."

"ತಗೀರಿ. ಮಾರಿ ಮಾತ್ರ ಬರಬಾರ್ದು ನೋಡ್ರಿ," ಎಂದ ಕರಿಸಿದ್ದಪ್ಪ. "ನಮ್ಮಣ್ಣ ಬೀರಪ್ಪ ದೇವರ ಪೂಜಾರಿ. ಉಚ್ಚಿ ಚೀಲ ಕಟಿಗೊಂಡಾಂವ ಗುಡಿ ಕಟ್ಟಿ ಹೆಂಗ ಹತ್ತಬೇಕ್ರಿ? ಅಣ್ಣ ಬ್ಯಾಡ ಅಂದ್ರ ನಾ ಸತ್ತಂಗ. ಊರಾಗ ಯಾರಿಗೂ ಗೊತ್ತಾಗಬಾರ್ದು."

ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು, ತೆಗೆಸಿದೆವು ಎಂದು ಊರಿಗೆ ಹೇಳಿದರು. ಕೆಂಚವ್ವ ಉಣ್ಣೆಯ ನೂಲಿನಲ್ಲಿ ಅಗಲ ಪಟ್ಟಿ ಹೆಣೆದು ಚೀಲವನ್ನು ಸೊಂಟಕ್ಕೆ ಕಟ್ಟಿದಳು. ಬರೆಯುವ ಕೆಲಸಕ್ಕೆಂದು ಡಾಕ್ಟರು ವರ್ಷಕ್ಕೊಮ್ಮೆ ಅವನ ಪರೀಕ್ಷೆಗೆ ಶಲವಡಿಗೆ ಬಂದಾಗ, ಊರಿನವರಿಗೆ ಇವರು ಉಣ್ಣೆಯ ಸಾಹುಕಾರರು ಎಂದುಬಿಟ್ಟಳು. ಆ ಪುಣ್ಯಾತ್ಮರಿಗೆ ಉಣ್ಣೆಯ ಗಂಧಗಾಳಿಯೂ ಇಲ್ಲ. ಕೇಳಿದ ಬೆಲೆ ಕೊಟ್ಟು ಪ್ರತಿ ಸಲ ಒಂದು ಕಂಬಳಿ ಹೊತ್ತು ಹೋಗುವರು. ಕಟ್ಟೆಯ ಮೇಲೆ ಕೂತ ಅಣ್ಣ ಮಲಕಪ್ಪ, "ಈ ವರ್ಷ ದರ ಹೆಂಗರಿ ಸಾವ್ಕಾರ್ರ?" ಎಂದರೆ ಅವರಿಗೆ ಬೆವರು ಕಿತ್ತು ಬರುತ್ತಿತ್ತು.

*

"ಸಾವ್ಕಾರ್ರು ಬಂದ್ರು, ಜಾಗಾ ಬಿಡ್ರಿ," ಎಂದರು ಯಾರೋ.

ಡಾಕ್ಟರು ಕರಿಸಿದ್ದಪ್ಪನ ಕಾಲು ಮುಟ್ಟಿ, ಅವಳ ಹತ್ತಿರ ಕೂತು ದನಿ ತಗ್ಗಿಸಿದರು.

"ಮುಂಜಾನೆ ದವಾಖಾನಿಗೆ ಫೋನ್ ಬಂದಿತ್ತು. ನೀವ ಮಾಡ್ಸಿದ್ರೇನು?"

"ಇಲ್ಲರಿ."

ಅವರು ಒಂದು ಇಂಗ್ಲಿಷ್ ಪುಸ್ತಕ ತೆಗೆದು, ಮಂದಿಗೆ ಕಾಣದ ಹಾಗೆ ಅವಳ ಮುಂದೆ ಬಿಚ್ಚಿದರು. "ಮೊನ್ನೆ ಅಚ್ಚಾಗಿ ಬಂತು. ಅವರಿಗೆ ತೋರಿಸಬೇಕಂತ ಇಟಗೊಂಡಿದ್ದೆ."

ಮಾತು ಕೊಟ್ಟಂತೆ ಫೋಟೊದಲ್ಲಿ ಮುಖವಿರಲಿಲ್ಲ, ಹೊಟ್ಟೆಯಷ್ಟೇ ಇತ್ತು. ಆದರೂ ಅದು ಯಾರ ಹೊಟ್ಟೆಯೆಂದು ಅವಳಿಗೆ ಹೇಳಿಕೊಡಬೇಕೆ? ಅಳು ಬಂತು, ಹಿಂದೆಯೇ ಸಿಟ್ಟೂ ಬಂತು. ದೇಶದ ಡಾಕ್ಟರೆಲ್ಲ ನೋಡುವುದನ್ನು ಒಡಹುಟ್ಟಿದ ಅಣ್ಣನಿಗೆ ತೋರಿಸಲಾಗದೆ ಹೋದನಲ್ಲ.

"ಒಳಗ ಇಡ್ರಿ," ಎಂದಳು.

ಭಂಡಾರದ ಸಂಚಿ ಹಿಡಿದು ಮಲಕಪ್ಪ ಬಂದ. "ಏಳವಾ ಕೆಂಚವ್ವಾ. ಹೊತ್ತಾತು."

"ಭಾವಾರ, ನಿಮ್ಮ ಕಾಲಿಗೆ ಬೀಳ್ತೇನಿ. ಇವರ ಮೈ ನಾನ ತೊಳೀತೇನಿ. ಯಾಕಂತ ಕೇಳಬ್ಯಾಡ್ರಿ."

ಮಲಕಪ್ಪ ಅವಳ ಮುಖ ನೋಡಿದ, ಗಂಟಿನ ಮೇಲಿದ್ದ ಅವಳ ಕೈ ನೋಡಿದ. ಹೆಗಲ ಮೇಲಿನ ಕಂಬಳಿ ತೆಗೆದು ಅಲ್ಲಿ ನಿಂತಿದ್ದ ಇಬ್ಬರು ಹುಡುಗರ ಕೈಗೆ ಕೊಟ್ಟ. "ಅಡ್ಡ ಹಿಡೀರಿ. ಆ ಕಡೆ ಮಾರಿ ಮಾಡ್ರಿ."

ಕಂಬಳಿಯ ಮರೆಯಾದ ಮೇಲೆ ಮೆಲ್ಲಗೆ ಹೇಳಿದ: "ಡಾಕ್ಟರ್ರ, ಬರ್ರಿ. ಚೀಲ ಹೆಂಗ ಬಿಚ್ಚಬೇಕು, ನನಗ ತಿಳೀದು."

ಕೆಂಚವ್ವ ತಲೆ ಎತ್ತಿದಳು. "ಭಾವಾರ, ನಿಮಗ..."

"ಉಣ್ಣಿ ತಗೊಳ್ಳಾಕ ಬಂದಾಂವ ಉಣ್ಣಿ ಹಿಡದು ನೋಡ್ತಾನ. ಕೈನಾಡಿ ಹಿಡದು ನೋಡ್ತಾನೇನವಾ?" ಮಲಕಪ್ಪ ತಮ್ಮನ ಪಕ್ಕ ಕೂತ. "ಮದಲನೇ ವರ್ಷನ ಗೊತ್ತಾತು, ಧೋತರ ಸರದಾಗ ಒಮ್ಮೆ ಚೀಲಾನೂ ಕಂಡೆ. ತಾನ ಹೇಳ್ಲಿ ಅಂತ ಕಾದೆ. ಹೇಳ್ಲಿಲ್ಲ. ಮುಂಜಾನೆ ಫೋನ್ ಮಾಡ್ಸಿದಾಂವನೂ ನಾನ."

ಹಿಂದೆ ಸರಿಯುತ್ತಿದ್ದ ತಮ್ಮನನ್ನು ಇದೇ ಮಲಕಪ್ಪ ಪ್ರತಿ ಪೂಜೆಗೂ ಕೈಹಿಡಿದು ಗುಡಿ ಕಟ್ಟೆ ಹತ್ತಿಸುತ್ತಿದ್ದದ್ದು ಅವಳಿಗೆ ಈಗ ನೆನಪಾಯಿತು. ಅವಳು ಕೈ ತೆಗೆದಳು.

ಡಾಕ್ಟರು ಪಟ್ಟಿ ಸಡಲಿಸಿ ಚೀಲ ಬಿಚ್ಚಿದರು. ಕೆಂಚವ್ವ ನೀರು ಹಾಕಿದಳು, ಮಲಕಪ್ಪ ತೊಳೆದ. ಒರೆಸಿದ ಮೇಲೆ ಸಂಚಿಯಿಂದ ಒಂದು ಮುಷ್ಟಿ ಭಂಡಾರ ತೆಗೆದ. ಬೀರಪ್ಪನ ಆ ಅರಿಶಿನವನ್ನು ಮೊದಲು ಹಣೆಗೆ ಹಚ್ಚುವುದು ಪದ್ಧತಿ. ಪೂಜಾರಿ ಬಗ್ಗಿ, ತಮ್ಮನ ಹೊಕ್ಕುಳದ ಬಾಜು ಇದ್ದ ಆ ಬಾಯಿಯ ಸುತ್ತ ಹಚ್ಚಿದ. ಕೈಯಲ್ಲಿ ಉಳಿದದ್ದನ್ನು ಹಣೆಗೆ ಹಚ್ಚಿದ.