ಬಿಡ್ತು ಅನ್ನು

"ಬಿಡ್ತು ಅನ್ರಮ್ಮ, ಬಿಡ್ತು ಅನ್ರೀ." ಅಂಗನವಾಡಿಯ ಚಾಪೆಯ ಮೇಲೆ ಕೂತಿದ್ದ ಹೆಂಗಸರೆಲ್ಲ ಒಟ್ಟಿಗೆ ಗದರಿದರು.

ಆಶಾ ಕಾರ್ಯಕರ್ತೆ ಹನುಮಂತಮ್ಮ ಕೇಳಿದ್ದಿಷ್ಟೇ: "ಹೆರಿಗೆ ಆದ್ಮೇಲೆ ರಕ್ತ ನಿಲ್ದೇ ಹೋದ್ರೆ ಏನ್ ಮಾಡ್ತೀರಿ?" ಗೋಡೆಯ ಹಾಳೆಯ ಮೇಲೆ 'ಹಿಂಗಾದ್ರೆ' ಎಂದು ಬರೆದು, ಕೆಳಗೆ ನಾಲ್ಕು ಚೌಕದ ಮನೆ ಎಳೆದಿದ್ದಳು. 'ಎಲ್ಲ ಸುಸೂತ್ರವಾದರೆ' ಎಂಬ ಮನೆ ಆಗಲೇ ತುಂಬಿತ್ತು: ತೊಟ್ಟಿಲು, ಹೆಸರು, ಬಾಣಂತಿಯ ಅಂಟಿನುಂಡೆ. ಉಳಿದ ಮೂರೂ ಖಾಲಿ. ಕೆಟ್ಟದ್ದು ಬಾಯಿಗೆ ಬಂದರೆ ಮನೆಗೂ ಬರುತ್ತದೆಂದು ನಂಬಿದವರಿಂದ ಅವನ್ನು ತುಂಬಿಸುವುದು ಯಾರಿಂದಾದೀತು?

"ಬಸುರಿ ಮುಂದೆ ಇದೆಂಥ ಮಾತು," ಎಂದು ತುಂಗಮ್ಮ ತುಂಬು ಬಸುರಿ ಮಗಳು ಕೃತಿಕಾಳ ಹೊಟ್ಟೆಯ ಮೇಲೆ ಸೆರಗು ಎಳೆದಳು.

ಮೊಮ್ಮಗಳು ಪ್ರಜ್ಞಾಳನ್ನು ಕರೆದೊಯ್ಯಲು ಬಂದಿದ್ದ ತೀರ್ಥಮ್ಮ ಬಾಗಿಲಲ್ಲೇ ನಿಂತಳು. ನಾಲ್ಕು ವರ್ಷದ ಹಿಂದೆ ಹನುಮಂತಮ್ಮ ಅವಳ ಜಗಲಿಯಲ್ಲಿ ಕೂತು ಇದನ್ನೇ ಕೇಳಿದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಸಂಗೀತಾ, "ಬರ್ಸಣ ಕಣವ್ವ," ಎಂದಿದ್ದಳು. ತೀರ್ಥಮ್ಮ ಮಗಳಿಂದ ಮೂರು ಸಲ ಬಿಡ್ತು ಅನ್ನಿಸಿ, ಹನುಮಂತಮ್ಮನನ್ನು ಕಾಫಿಯನ್ನೂ ಕೊಡದೆ ಕಳಿಸಿದ್ದಳು. ಕೂಸು ಮನೆಯಲ್ಲೇ ಹುಟ್ಟಿತು. ರಕ್ತ ನಿಲ್ಲಲಿಲ್ಲ. ಗಾಡಿ ಹುಡುಕುವುದರಲ್ಲೇ ಒಂದು ಗಂಟೆ ಹೋಯಿತು. ಕಡೂರಿನ ಆಸ್ಪತ್ರೆ ಇನ್ನೂ ಮೂರು ಮೈಲಿ ಇರುವಾಗ ಮಗಳ ಕೈ ತಣ್ಣಗಾಯಿತು. ಅಂದಿನಿಂದ ತೀರ್ಥಮ್ಮ ತನ್ನ ಬಾಯಿಯನ್ನೇ ಶಪಿಸಿಕೊಂಡು ಬದುಕಿದ್ದಾಳೆ.

ಅವಳು ಒಳಗೆ ಬಂದು ತುಂಗಮ್ಮನ ಎದುರು ಕೂತಳು.

"ಬರ್ಸು ತುಂಗಕ್ಕ. ಗಾಡಿ ಯಾರ್ದು, ಜತೇಲಿ ಯಾರ್ ಹೋಗ್ತಾರೆ, ರಕ್ತ ಯಾರ್ ಕೊಡ್ತಾರೆ, ಎಲ್ಲ ಬರ್ಸು. ನಾನ್ ಬರ್ಸ್ಲಿಲ್ಲ. ನನ್ ಸಂಗೀತ ಸತ್ತೋದ್ಲು."

ತುಂಗಮ್ಮ ಮಗಳ ಕೈ ಹಿಡಿದುಕೊಂಡು, "ಷಡಕ್ಷರಿ ಆಟೋ ಅಂತ ಬರ್ಕಳವ್ವ," ಎಂದಳು. ಹನುಮಂತಮ್ಮ ಎರಡನೆಯ ಮನೆಯಲ್ಲಿ ಬರೆದಳು.

ಆಗ ಯಾರೋ ತೀರ್ಥಮ್ಮನ ಸೆರಗು ಜಗ್ಗಿದರು. ಪ್ರಜ್ಞಾ. ಅಮ್ಮ ದೂರದ ಊರಲ್ಲಿ ಕೆಲಸದಲ್ಲಿದ್ದಾಳೆ, ಬರುತ್ತಾಳೆ ಎಂದೇ ಅಜ್ಜಿ ಅವಳಿಗೆ ಇಷ್ಟು ದಿನ ಹೇಳಿಕೊಂಡು ಬಂದಿದ್ದಳು. ಕೆಟ್ಟ ಮಾತು ಆಡಿದರೆ ಏನನ್ನಬೇಕೆಂದು ಕಲಿಸಿದವಳೂ ಅಜ್ಜಿಯೇ.

"ಅಜ್ಜೀ, ಬಿಡ್ತು ಅನ್ನು."

ತೀರ್ಥಮ್ಮ ಅನ್ನಲಿಲ್ಲ. ಮಗುವನ್ನು ತೊಡೆಯ ಮೇಲೆ ಎಳೆದುಕೊಂಡಳು. ಪ್ರಜ್ಞಾ ಅಜ್ಜಿಯ ಬಾಯನ್ನೇ ನೋಡುತ್ತ ಕಾಯುತ್ತಿದ್ದಳು.